ದೇವರ ಜಗಲಿಯ ಮೇಲಿನ ಇಂಜೆಕ್ಷನ್

ಮುನವಳ್ಳಿಯಲ್ಲಿ ನಾನು ಜಂಪರು ಹೊಲಿಯುತ್ತೇನೆ. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡವಳ ಮುಂದೆ ಹೆಂಗಸರು ಏನು ಬೇಕಾದರೂ ಹೇಳಿಬಿಡುತ್ತಾರೆ. ಗಂಡನ ಸಿಟ್ಟು, ಅತ್ತೆಯ ಚಾಡಿ, ಮುಟ್ಟಿನ ನೋವು ಎಲ್ಲವೂ ತೋಳಿನ ಅಳತೆ ಮುಗಿದು ಬೆನ್ನಿನ ಅಳತೆ ಬರುವುದರೊಳಗೆ ಹೊರಗೆ ಬರುತ್ತವೆ. ಮೊನ್ನೆ ಒಬ್ಬ ಬಸುರಿ ಹುಡುಗಿ ಕುಬಸದ, ಅಂದರೆ ಸೀಮಂತದ, ಸೀರೆಗೆ ಜಂಪರು ಹೊಲಿಸಲು ಬಂದವಳು ಕೈ ಎತ್ತಿ ನಿಂತಲ್ಲೇ ಅಳತೊಡಗಿದಳು. ರಕ್ತ ತಪಾಸಣೆಯಲ್ಲಿ ಹೆಪಟೈಟಿಸ್ ಬಿ ಬಂದಿದೆಯಂತೆ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿರಲಿಲ್ಲ.

"ಕೂಸಿಗೂ ಬರತೈತೇನ್ರಿ ಅಕ್ಕಾರ?" ಎಂದಳು.

ನಾನು ಟೇಪು ತೆಗೆದಿಟ್ಟು, ಬಾಗಿಲು ಮುಂದೆ ಮಾಡಿ, ಅವಳನ್ನು ಕೂರಿಸಿ ನನ್ನದೇ ಕಥೆ ಹೇಳಿದೆ. ಆಕೆ ಸೊಂಟದ ಅಳತೆ ಕೊಡುವುದನ್ನೇ ಮರೆತು ಹೋದಳು, ನಾನೂ ಕೇಳಲು ಮರೆತೆ. ಆ ಜಂಪರು ಹೇಗೆ ಕೂಡುತ್ತದೋ ಆ ಶಿವನೇ ಬಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ರೋಗದ ವಿವರ ಡಾಕ್ಟರರು ಹೇಳಲಿ. ನನ್ನದು ಹೊರಗಿನ ಬೆಂಚಿನ ಮೇಲೆ ಕುಳಿತವಳ ಮಾತು.

ನನಗೆ ತಿಳಿದದ್ದೂ ಬಸುರಿಯಾಗಿದ್ದಾಗಲೇ. ಬೈಲಹೊಂಗಲದ ಆಸ್ಪತ್ರೆಯಲ್ಲಿ ಎಲ್ಲರಿಗೂ ಮಾಡುವ ರಕ್ತ ತಪಾಸಣೆ ನನಗೂ ಮಾಡಿದ್ದರು. ಬೆಂಚಿನ ತುಂಬ ಬಸುರಿಯರು. ಒಬ್ಬೊಬ್ಬರನ್ನೇ ಕರೆದು ಚೀಟಿ ಕೊಟ್ಟು ಕಳಿಸುತ್ತಿದ್ದ ನರ್ಸಮ್ಮ ನನ್ನನ್ನು ಮಾತ್ರ "ನೀವು ಒಳಗ ಕುಂಡ್ರಿ, ಮೇಡಂ ಮಾತಾಡ್ತಾರ" ಎಂದಳು. ನನ್ನ ಗಂಡ ಈರಣ್ಣ ಚಹಾ ಕುಡಿಯಲು ಹೊರಗೆ ಹೋಗಿದ್ದ. ಅವನು ಚಹಾ ಕುಡಿಯಲು ಹೋದಾಗಲೇ ನಮ್ಮ ಮನೆಯ ದೊಡ್ಡ ಸುದ್ದಿಗಳೆಲ್ಲ ಬರುವುದು.

ಡಾಕ್ಟರ್ ಮೇಡಂ ಹೆಚ್ಚು ಕಡಿಮೆ ನನ್ನ ವಯಸ್ಸಿನವರೇ. ನನ್ನ ರಕ್ತದಲ್ಲಿ ಕಾಮಾಲೆ ತರುವ ಒಂದು ವೈರಸ್ ಇದೆ, ಬಹಳ ವರ್ಷಗಳಿಂದ ಸುಮ್ಮನೆ ಕುಳಿತಿದೆ, ನನಗೆ ಈಗಲೇ ಏನೂ ಆಗಿಲ್ಲ ಎಂದರು. ನಾನು ಕೇಳಿದ್ದು ಒಂದೇ, ಆ ಹುಡುಗಿ ನನ್ನನ್ನು ಕೇಳಿದ್ದು.

"ಬರದಂಗ ತಡೀಬಹುದು" ಎಂದರು ಮೇಡಂ. "ಕಡೀ ಮೂರು ತಿಂಗಳ ನೀವು ಗುಳಗಿ ತಗೋಬೇಕು. ಹೆರಿಗಿ ಆಸ್ಪತ್ರ್ಯಾಗ ಆಗಬೇಕು. ಕೂಸು ಹುಟ್ಟಿದ ಕೂಡ್ಲೆ ಎರಡು ಇಂಜೆಕ್ಷನ್. ಒಂದು ಎಲ್ಲಾ ಕೂಸಿಗೂ ಹಾಕೂದು. ಇನ್ನೊಂದು ಮುಂಚೆ ತರಸಿ ತಣ್ಣಗ ಇಟ್ಟಿರಬೇಕು. ಹನ್ನೆರಡು ತಾಸು ದಾಟಬಾರದು. ಎಷ್ಟು ಲಗೂನ ಹಾಕ್ತೀವೋ ಅಷ್ಟು ಚಲೋ."

ಕೊನೆಯ ಮಾತು ಮಾತ್ರ ನನ್ನ ಹೊಟ್ಟೆಯೊಳಗೆ ಹೋಗಿ ಕುಳಿತಿತು. ಅಂದಿನಿಂದ ನನಗಿದ್ದುದು ಅದೊಂದೇ ಚಿಂತೆ, ಆ ಎರಡನೆಯ ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಕೂಸಿಗೆ ಸಿಗಬೇಕು.

ಈರಣ್ಣನಿಗೆ ಹೇಳಿದೆ. ಅವನಿಗೆ ಮುನವಳ್ಳಿಯಲ್ಲಿ ಬೀಜ ಗೊಬ್ಬರದ ಅಂಗಡಿ. ಇಡೀ ದಿನ ರೈತರ ಜೊತೆ ಹರಟುವ ಮನುಷ್ಯ ಬೈಕಿನ ಮೇಲೆ ಬರುವಾಗ ತುಟಿ ಬಿಚ್ಚಲಿಲ್ಲ. ಇದು ಎಲ್ಲಿಂದ ಬಂತು ಎಂದು ಕೇಳುತ್ತಾನೆ, ಏನು ಹೇಳಲಿ ಎಂದು ನಾನು ಹಿಂದೆ ಕುಳಿತು ಒದ್ದಾಡುತ್ತಿದ್ದೆ. ಹೆಂಗಸಿನ ರಕ್ತದಲ್ಲಿ ಏನಾದರೂ ಸಿಕ್ಕರೆ ಮೊದಲು ಹುಟ್ಟುವುದು ಅದೇ ಪ್ರಶ್ನೆ. ದಾರಿಯಲ್ಲೊಂದು ಗಾಡಿಯ ಮುಂದೆ ಬೈಕು ನಿಲ್ಲಿಸಿದ.

"ಭಜಿ ತಿಂತಿ?"

ನಾನು ಅವನ ಮುಖ ನೋಡಿದೆ.

"ಏನ್ ಮಾತಾಡಬೇಕೋ ನನಗ ತಿಳಿವಲ್ದು ಗಿರಿಜಾ. ಭಜಿ ಅಂತೂ ತಿನ್ನೂನು" ಎಂದ. ನಾನು ಅಳುತ್ತಾ ಎರಡು ಪ್ಲೇಟು ತಿಂದೆ. ಆ ಪ್ರಶ್ನೆಯನ್ನು ಅವನು ಅಂದೂ ಕೇಳಲಿಲ್ಲ, ಇಂದಿಗೂ ಕೇಳಿಲ್ಲ. ಮರುದಿನ ತಾನೇ ಹೋಗಿ ರಕ್ತ ಕೊಟ್ಟು ಬಂದ. ಅವನಿಗೇನೂ ಇರಲಿಲ್ಲ, ಲಸಿಕೆ ಹಾಕಿಸಿಕೊಂಡ.

ಅತ್ತೆ ಗೌರವ್ವನದು ಬೇರೆಯೇ ದಾರಿ. ಆಕೆಯ ಕಿವಿಗೆ ಬಿದ್ದದ್ದು ಕಾಮಣಿ, ಅಂದರೆ ಕಾಮಾಲೆ, ಎಂಬ ಒಂದೇ ಶಬ್ದ. ನಮ್ಮ ಕಡೆ ಕಾಮಣಿ ಎಂದರೆ ಪಥ್ಯ. ಅರಿಷಿಣ ಬಂದ್, ಎಣ್ಣೆ ಬಂದ್. ಮಜ್ಜಿಗೆ ಅನ್ನ, ಸಪ್ಪೆ ನುಚ್ಚು. ಮಣಿಕಟ್ಟಿಗೆ ಚುಟಗಿ ಹಾಕುವವರು ಒಬ್ಬರಿದ್ದಾರೆ, ಕಾಯಿಸಿದ ಬಳೆ ಚೂರು ಮುಟ್ಟಿಸಿದರೆ ಸಾಕು ಎಂದೂ ಹಟ ಹಿಡಿದಳು. ನಾನು ಒಲ್ಲೆ ಎಂದೆ. ಹಾಗಾದರೆ ನಿನ್ನ ಡಾಕ್ಟರಳನ್ನೇ ಕೇಳುತ್ತೇನೆ ಎಂದು ಸೀರೆ ಬದಲಿಸಿ ನನ್ನ ಜೊತೆ ಬೈಲಹೊಂಗಲಕ್ಕೆ ಬಂದಳು. ಒಳಗೆ ಬಹಳ ಹೊತ್ತು ವಾದ ಮಾಡಿದಳು. ಹೊರಗೆ ಬಂದಾಗ ಮುಖ ಸಣ್ಣದಾಗಿತ್ತು.

ಅಂದು ಮನೆಯಲ್ಲಿ ಎಣ್ಣೆ ತೇಲುವ ಬದನೆಕಾಯಿ ಪಲ್ಯ. ನನಗೆ ಬಡಿಸಿ, ಪಕ್ಕದಲ್ಲೇ ಕುಳಿತು, ತನ್ನ ರೊಟ್ಟಿ ಮುರಿದು ನನ್ನ ತಾಟಿಗೇ ಕೈ ಹಾಕಿದಳು. ನಾನು ತಾಟು ಹಿಂದೆ ಎಳೆದುಕೊಂಡೆ.

"ಒಂದ ತಾಟಿನ್ಯಾಗ ಉಂಡ್ರ ಬರೂದಿಲ್ಲ ಅಂದಾಳ ನಿನ್ನ ಡಾಕ್ಟರಳು. ತಾಟ ಮುಂದ ಮಾಡ. ನಿನ್ನ ಕಡೆ ಬದನಿಕಾಯಿ ದೊಡ್ಡವು ಬಿದ್ದಾವು" ಎಂದಳು. ಅತ್ತೆಯ ಮೇಲೆ ನನಗೆ ನೂರು ತಕರಾರುಗಳಿವೆ, ಆದರೆ ಅಂದು ಆಕೆ ನನ್ನ ತಾಟಿನಿಂದ ಎತ್ತಿಕೊಂಡ ಆ ಬದನೆಕಾಯಿಯನ್ನು ನಾನು ಸಾಯುವತನಕ ಮರೆಯುವುದಿಲ್ಲ.

ನನಗೆ ಹೆದರಿಕೆ ಬರುತ್ತಿದ್ದುದು ಹೊಲಿಯಲು ಕುಳಿತಾಗ. ಕೈಗೆ ಸೂಜಿ ಚುಚ್ಚಿಕೊಳ್ಳದ ದರ್ಜಿ ಇಲ್ಲ. ಒಂದು ಹನಿ ರಕ್ತ ಯಾರದೋ ರೇಷ್ಮೆಯ ಮೇಲೆ ಬಿದ್ದರೆ? ಕೆಲವು ದಿನ ಹೊಲಿಯುವುದನ್ನೇ ಬಿಟ್ಟೆ. ಆಮೇಲೆ ಮೇಡಂ ಹೇಳಿದಂತೆ ನನ್ನ ಸೂಜಿಗಳನ್ನು ಬೇರೆ ಡಬ್ಬಿಯಲ್ಲಿಟ್ಟೆ, ಚುಚ್ಚಿದರೆ ಪಟ್ಟಿ ಸುತ್ತಿಕೊಳ್ಳುವುದನ್ನು ಕಲಿತೆ.

ಮುಂದಿನ ಸಲ ಹೋದಾಗ ಮೇಡಂ ಕೇಳಿದರು, "ನಿಮ್ಮ ತಾಯಿದು ನೋಡಿಸೀರೇನು?"

ನನ್ನ ತವರು ರಾಮದುರ್ಗ ತಾಲೂಕಿನ ಕಟಕೋಳ. ಅವ್ವ ಶಾಂತವ್ವ, ತಮ್ಮ ಮಲ್ಲು, ಇಬ್ಬರೇ. ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಅವ್ವ ಬಸ್ಸಿನಲ್ಲಿ ಶೇಂಗಾ ಹೋಳಿಗೆಯ ಗಂಟು ಹಿಡಿದುಕೊಂಡು ಬಂದು, ನಗುನಗುತ್ತ ರಕ್ತ ಕೊಟ್ಟಳು. ಫಲಿತಾಂಶ ಬಂದಾಗ ನಗು ಹೋಯಿತು. ಆಕೆಯಲ್ಲೂ ಅದೇ ವೈರಸ್. ನಾನು ಹುಟ್ಟುವಾಗಲೇ ನನಗೆ ಬಂದಿರಬೇಕು ಎಂದರು ಮೇಡಂ.

"ಅಂದ್ರ ನಾನ ಕೊಟ್ಟೇನಿ?" ಎಂದಳು ಅವ್ವ.

"ನಿನಗ ಗೊತ್ತಿರಲಿಲ್ಲವ್ವಾ. ಆಗ ಯಾರ ನೋಡತಿದ್ರು?"

"ಗೊತ್ತಿರಲಿಲ್ಲ ಅಂದ್ರ ಕೊಟ್ಟಂಗ ಆಗೂದಿಲ್ಲೇನು?"

ಅವ್ವ ಬೆಂಚಿನ ಮೇಲೆ ನನ್ನಿಂದ ಒಂದು ಮೊಳ ಸರಿದು ಕುಳಿತಳು. ನಾನು ಅವಳತ್ತ ಸರಿದೆ, ಅವಳು ಮತ್ತೆ ಸರಿದಳು. ಕೊನೆಗೆ ಬೆಂಚೇ ಮುಗಿಯಿತು.

ನನಗೆ ಸಿಟ್ಟು ಬಂದಿತ್ತೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ನನಗೆ ಅವ್ವನ ಮೇಲೆ ಅಪಾರ ಪ್ರೀತಿ ಬಂತು. ಇಷ್ಟು ವರ್ಷ ಇಬ್ಬರೂ ಒಂದೇ ರೋಗ ಹೊತ್ತುಕೊಂಡು ಅದರ ಸುದ್ದಿಯೇ ಇಲ್ಲದೆ ಜಾತ್ರೆ, ಮದುವೆ ಎಂದು ತಿರುಗಿದ್ದೆವಲ್ಲ ಎನಿಸಿತು.

ಏಳು ತಿಂಗಳಿಗೆ ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಮಡಿಲಕ್ಕಿ. ಅದರ ಹಿಂದೆಯೇ ಜಗಳ ಶುರುವಾಯಿತು. ಚೊಚ್ಚಲ ಹೆರಿಗೆ ತವರಿನದು, ಅದು ನಮ್ಮಲ್ಲಿ ಕೇಳುವ ಮಾತೇ ಅಲ್ಲ. ಆದರೆ ಈರಣ್ಣನಿಗೆ ಬೈಲಹೊಂಗಲವೇ ಬೇಕು, ಅಲ್ಲಿ ಎಲ್ಲ ತಿಳಿದಿರುವ ಮೇಡಂ ಇದ್ದಾರೆ. ಅವ್ವ ಅವನ ಮುಂದೆ ಸೆರಗು ಹೊದ್ದು ನಿಂತಳು. "ಅಳಿಯಂದ್ರ, ಒಂದ ಸಲ ಕೊಡಬಾರದ್ದ ಕೊಟ್ಟೇನಿ. ಇದೊಂದು ಬಾಣಂತನಾದ್ರೂ ಚಲೋತ್ನಂಗ ಮಾಡಾಕ ಬಿಡ್ರಿ" ಎಂದಳು. ಆ ಮುಖ ನೋಡಿ, ಮೇಡಂ ಕೊಟ್ಟ ಗುಳಗಿ ಕಟ್ಟಿಕೊಂಡು ನಾನೇ ತವರಿಗೆ ಹೊರಟೆ. ರಾಮದುರ್ಗದ ಒಂದು ಆಸ್ಪತ್ರೆಯಲ್ಲಿ ಹೆರಿಗೆ ಎಂದು ನಿಶ್ಚಯವಾಯಿತು. ಅಲ್ಲಿಯ ವಯಸ್ಸಾದ ಡಾಕ್ಟರರು ಬೈಲಹೊಂಗಲದ ಮೇಡಂ ಜೊತೆ ಫೋನಿನಲ್ಲಿ ಮಾತಾಡಿ ಎಲ್ಲ ತಿಳಿದುಕೊಂಡರು. ಮೊದಲನೆಯ ಲಸಿಕೆ ನಮ್ಮಲ್ಲಿರುತ್ತದೆ, ಎರಡನೆಯದನ್ನು ನೀವು ತರಿಸಿ ಕೊಡಿ, ನಮ್ಮ ಫ್ರಿಜ್ಜಿನಲ್ಲಿ ಇಡುತ್ತೇವೆ ಎಂದರು.

ಈರಣ್ಣ ಒಂದು ರವಿವಾರ ಬೆಳಗಾವಿಯಿಂದ ಅದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಂದ. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಡಬ್ಬಿ, ಅದರೊಳಗೆ ಒಂದು ಸೀಸೆ. ರವಿವಾರ ರಾಮದುರ್ಗದ ಡಾಕ್ಟರರು ಇರುವುದಿಲ್ಲ, ಸೋಮವಾರ ಬೆಳಿಗ್ಗೆ ಮಲ್ಲು ಆಸ್ಪತ್ರೆಗೆ ಒಯ್ದು ಕೊಡಬೇಕು, ಅಲ್ಲಿಯವರೆಗೆ ಕಟಕೋಳದ ಮನೆಯ ಫ್ರಿಜ್ಜಿನಲ್ಲಿ ಇರಲಿ ಎಂದು ತೀರ್ಮಾನವಾಯಿತು. ಈರಣ್ಣ ಅದನ್ನು ಒಳಗಿಟ್ಟು, ಅವ್ವನಿಗೆ ತೋರಿಸಿ, ಹೀಗೇ ಇರಲಿ ಎಂದು ಹೇಳಿ ಮುನವಳ್ಳಿಗೆ ಹೋದ.

ನಮ್ಮ ಮನೆಯಲ್ಲಿ ಹೊಸದು ಏನೇ ಬಂದರೂ ಮೊದಲು ದೇವರ ಜಗಲಿಗೆ ಹೋಗುತ್ತದೆ. ಬಿತ್ತುವ ಬೀಜ, ಮದುವೆಯ ಕಾರ್ಡು, ಮಲ್ಲುವಿನ ಟಂಟಂ ಗಾಡಿಯ ಕೀಲಿ, ನಾನು ಹತ್ತನೆಯ ಇಯತ್ತೆ ಪಾಸಾದಾಗಿನ ಮಾರ್ಕ್ಸ್ ಕಾರ್ಡು, ಎಲ್ಲವೂ ಒಂದು ರಾತ್ರಿ ಅಲ್ಲಿದ್ದು, ವಿಭೂತಿ ಹಚ್ಚಿಸಿಕೊಂಡೇ ಕೆಲಸಕ್ಕೆ ಹೊರಟದ್ದು. ಹಾಗೆ ಮಾಡದೆ ಯಾವುದನ್ನಾದರೂ ಬಳಸಿದ್ದು ನನಗೆ ನೆನಪಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಆ ಡಬ್ಬಿಯ ವಿಷಯದಲ್ಲಿ ನಮ್ಮ ಯಾರಿಗೂ ಇದು ಹೊಳೆಯಲಿಲ್ಲ.

ಸೋಮವಾರ ಬೆಳಗಾಗುತ್ತಲೇ ನೋವು ಶುರುವಾಯಿತು, ಕೊಟ್ಟ ತಾರೀಖಿಗಿಂತ ಸಾಕಷ್ಟು ಮೊದಲೇ. ಮಲ್ಲು ಗಾಡಿ ಹೊರಗೆ ತೆಗೆದ. ನಾನು ಗೋಡೆ ಹಿಡಿದು ಫ್ರಿಜ್ಜಿನ ಬಾಗಿಲು ತೆರೆದೆ. ಹಾಲು ಇತ್ತು, ಕರಿಬೇವು ಇತ್ತು. ಡಬ್ಬಿ ಇರಲಿಲ್ಲ.

"ಅವ್ವಾ, ಇಂಜೆಕ್ಷನ್ ಎಲ್ಲೈತಿ?"

"ಜಗಲಿ ಮ್ಯಾಲ ಐತಿ ತಂಗಿ. ನಿನ್ನೆ ಸಂಜೀಕೆ ಇಟ್ಟೇನಿ. ನೀ ಚಿಂತಿ ಮಾಡಬ್ಯಾಡ, ಪೂಜಿ ಚಲೋ ಆಗೇತಿ" ಎಂದಳು ಅವ್ವ, ಬಹಳ ಸಮಾಧಾನದಿಂದ.

ಡಬ್ಬಿಯ ಮೇಲೆ ಮೂರು ಬೆರಳಿನ ವಿಭೂತಿ. ಅದರ ಮೇಲೊಂದು ಮಲ್ಲಿಗೆ ಮೊಗ್ಗು. ಪಕ್ಕದಲ್ಲಿ ಎಣ್ಣೆ ದೀಪ ಇನ್ನೂ ಉರಿಯುತ್ತಿತ್ತು. ಬೇಸಿಗೆ ಬೇರೆ, ತಗಡಿನ ಮನೆ. ಮುಟ್ಟಿ ನೋಡಿದೆ, ಡಬ್ಬಿ ಬೆಚ್ಚಗಿತ್ತು.

ಅವ್ವನಿಗೆ ನಾನು ಏನೂ ಅನ್ನಲಿಲ್ಲ. ದೇವರಿಗೆ ಮಾತ್ರ ಒಂದೆರಡು ಅಂದೆ, ಅವು ಇಲ್ಲಿ ಬರೆಯುವಂಥವಲ್ಲ. ಮಲ್ಲು ಡಬ್ಬಿ ನೋಡಿ ತಲೆ ಮೇಲೆ ಕೈ ಹೊತ್ತ. ಅವ್ವನಿಗೆ ನಮ್ಮಿಬ್ಬರ ಮುಖ ನೋಡಿಯೇ ತಿಳಿಯಿತು. ದಾರಿಯುದ್ದಕ್ಕೂ ಗಾಡಿಯಲ್ಲಿ ನನ್ನ ಬೆನ್ನು ಸವರುತ್ತಲೇ ಇದ್ದಳು, ಒಂದೇ ಮಾತು ಮತ್ತೆ ಮತ್ತೆ ಹೇಳುತ್ತಿದ್ದಳು: "ರೋಗಾನೂ ನಾನ ಕೊಟ್ಟೆ. ಔಷಧಾನೂ ನಾನ ಕೆಡಿಸಿದೆ."

ರಾಮದುರ್ಗದ ಡಾಕ್ಟರರು ವಿಭೂತಿ ಹಚ್ಚಿದ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನಗಲಿಲ್ಲ, ಬೈಯಲೂ ಇಲ್ಲ. "ಕೆಟ್ಟೈತಿ ಅಂತ ನಾ ಹೇಳೂದಿಲ್ಲ. ಆದ್ರ ಇದನ್ನ ನಂಬಿ ಕೂಸಿಗೆ ಹಾಕೂದಿಲ್ಲ. ಬ್ಯಾರೇದು ಬೇಕು" ಎಂದರು. ಬೈಲಹೊಂಗಲದ ಮೇಡಂಗೆ ಫೋನು ಹಚ್ಚಿದರು.

ಅಲ್ಲಿಯ ಫ್ರಿಜ್ಜಿನಲ್ಲಿ ಒಂದೇ ಒಂದು ಸೀಸೆ ಇತ್ತು. ಅದು ಕಿತ್ತೂರಿನ ಕಡೆಯ ಒಬ್ಬ ಬಸುರಿಯದು. ಆಕೆಯೂ ನನ್ನಂಥವಳೇ, ಆಕೆಯ ಮನೆಯವರು ತಂದಿಟ್ಟದ್ದು. ಅವಳನ್ನು ಕೇಳದೆ ಕೊಡಲು ಬರುವುದಿಲ್ಲ ಎಂದರು ಮೇಡಂ, ಕೇಳಿ ಹೇಳುತ್ತೇನೆ ಎಂದರು. ಆ ಫೋನು ತಿರುಗಿ ಬರುವವರೆಗೆ ನೋವು ನನಗೆ ನೋವು ಎನಿಸಲೇ ಇಲ್ಲ. ನನ್ನ ಕೂಸಿನ ಹಣೆಬರಹ ಎಲ್ಲೋ ಹೆದ್ದಾರಿಯ ಪಕ್ಕದ ಊರಿನಲ್ಲಿ ಮುಖ ನೋಡದ ಒಬ್ಬ ಹೆಂಗಸಿನ ನಾಲಿಗೆಯ ಮೇಲಿತ್ತು. ಅವಳ ಜಾಗದಲ್ಲಿ ನಾನಿದ್ದರೆ ಕೊಡುತ್ತಿದ್ದೆನೇ? ನನಗೆ ಇವತ್ತಿಗೂ ಖಾತ್ರಿ ಇಲ್ಲ.

ಫೋನು ಬಂತು. ಡಾಕ್ಟರರು ನನ್ನ ಬಳಿ ಬಂದು ಹೇಳಿದರು: "ಕೊಡ್ರಿ ಅಂದ್ಲಂತ. ನಂದಿನ್ನೂ ತಿಂಗಳ ಮ್ಯಾಲ ಐತಿ, ಅಷ್ಟ್ರಾಗ ಬ್ಯಾರೇದು ತರಸ್ರಿ ಅಂದ್ಲಂತ. ಅಕ್ಕಗ ಹೆದರಬ್ಯಾಡ ಅಂತ ಹೇಳ್ರಿ ಅಂದ್ಲಂತ."

ನಾನು ಅಲ್ಲೇ ಗಟ್ಟಿಯಾಗಿ ಅತ್ತೆ. ನರ್ಸಮ್ಮ ಹೆರಿಗೆಯ ನೋವೆಂದು ಓಡಿ ಬಂದಳು.

ಫೋನು ಹೋಗುತ್ತಲೇ ಈರಣ್ಣ ಮುನವಳ್ಳಿಯಿಂದ ಪರಿಚಯದವರೊಬ್ಬರ ಕಾರು ಮಾಡಿಕೊಂಡು ಬೈಲಹೊಂಗಲಕ್ಕೆ ಹೋದ, ಗೌರವ್ವ ತಾನಾಗಿಯೇ ಕಾರು ಹತ್ತಿದಳಂತೆ. ಮಗನ ಕೈಗೆ ಹಾಲಿನ ಚೊಂಬನ್ನೂ ನಂಬಿ ಕೊಡದ ಹೆಂಗಸು ಆಕೆ, ಆ ಪೆಟ್ಟಿಗೆ ಕೊಡುತ್ತಾಳೆಯೇ? ಯರಗಟ್ಟಿ ದಾಟಿ, ಕಟಕೋಳ ದಾಟಿ, ಕಾರಿನ ಹಿಂದಿನ ಸೀಟಿನಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯನ್ನು ತೊಡೆಯ ಮೇಲೆ ಅವುಚಿಕೊಂಡು ಕುಳಿತಿದ್ದಳಂತೆ. ಗುಂಡಿ ಬಂದಾಗಲೆಲ್ಲ ಮಗನಿಗೆ ಬೈಗುಳ.

ಅವರು ಬರುವ ಮೊದಲೇ ಮಗಳು ಹುಟ್ಟಿದಳು. ಮೊದಲನೆಯ ಲಸಿಕೆಯನ್ನು ಒಂದು ತೊಡೆಗೆ ಕೂಡಲೇ ಹಾಕಿದರು. ಇನ್ನೊಂದು ತೊಡೆ ಕಾಯುತ್ತಿತ್ತು. ನಾನು ಆ ಪುಟ್ಟ ತೊಡೆಯನ್ನೇ ನೋಡುತ್ತ ಮಲಗಿದ್ದೆ. ಕೂಸನ್ನು ಒರೆಸಿ ಬಟ್ಟೆ ಸುತ್ತಿ ನರ್ಸಮ್ಮ ಅವ್ವನ ಕೈಗೆ ಕೊಡಲು ಹೋದಳು. ಅವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದಳು. "ನಾ ಬ್ಯಾಡ್ರಿ, ನಾ ಬ್ಯಾಡ" ಎಂದು ಬಾಗಿಲ ಆಚೆಗೇ ಹೋಗಿ ನಿಂತಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೊರಗೆ ಗದ್ದಲ ಕೇಳಿಸಿತು. "ಸರೀರಿ, ಸರೀರಿ, ಔಷಧ ಐತಿ!" ಊರಿಗೇ ಕೇಳುವ ಗೌರವ್ವನ ದನಿ. ಇಷ್ಟು ವರ್ಷದ ಸಂಸಾರದಲ್ಲಿ ಆ ದನಿ ಕೇಳಿ ನಾನು ಖುಷಿಪಟ್ಟದ್ದು ಅದೇ ಮೊದಲು. ಎರಡನೆಯ ತೊಡೆಗೂ ಸೂಜಿ ಬಿತ್ತು. ಹೊತ್ತು ಇನ್ನೂ ಸಾಕಷ್ಟಿತ್ತು. ಮಗಳು ಕೆಂಪಗಾಗಿ ಕಿರುಚಿದಳು, ನಾವೆಲ್ಲ ನಕ್ಕೆವು. ಕೂಸು ಅತ್ತಾಗ ಹಾಗೆ ನಕ್ಕ ಮನೆಯವರನ್ನು ಆ ಆಸ್ಪತ್ರೆ ಕಂಡಿತ್ತೋ ಇಲ್ಲವೋ.

ಬಾಗಿಲ ಬಳಿ ಅವ್ವ ಗೌರವ್ವನ ಕಾಲಿಗೆ ಬೀಳಲು ಬಗ್ಗಿದಳು. "ಬೀಗತಿ, ತಪ್ಪಾತ್ರಿ. ಎಲ್ಲಾ ನನ್ನಿಂದ ಆತು."

ಗೌರವ್ವ ಆಕೆಯ ರಟ್ಟೆ ಹಿಡಿದು ಎತ್ತಿದಳು. "ಏಳ್ರಿ. ನಿಮ್ಮ ದೇವರಿಗೆ ಒಂದು ಫ್ರಿಜ್ಜ ಕೊಡಸ್ರಿ ಮೊದಲ. ಮುಂದಿನ ಕೂಸಿನ ಹೊತ್ತಿಗೆ ಆದ್ರ ಆತು." ಆಮೇಲೆ ಅವ್ವನನ್ನು ಒಳಗೆ ಎಳೆದುಕೊಂಡು ಬಂದು, ಸ್ಟೂಲಿನ ಮೇಲೆ ಕೂರಿಸಿ, ಕೂಸನ್ನು ಎತ್ತಿ ಅವಳ ತೊಡೆಯ ಮೇಲಿಟ್ಟೇ ಬಿಟ್ಟಳು. "ಹಿಡೀರಿ. ಬೈಲಹೊಂಗಲದಿಂದ ಪೆಟ್ಟಿಗಿ ಹಿಡದ ನನ್ನ ಕೈ ಮರಗಟ್ಯಾವು. ನಾ ಕೆಡವಿದ್ರ ನಿಮ್ಮ ಹೆಸರ ಹೇಳತೇನಿ ನೋಡ್ರಿ." ಅವ್ವನಿಗೆ ಹಿಡಿಯದೆ ಗತಿಯಿರಲಿಲ್ಲ.

ಮೊಲೆಯೂಡಿಸುವಾಗ ಅವ್ವ ಮೊದಮೊದಲು ಮುಖ ತಿರುಗಿಸಿ ಕೂರುತ್ತಿದ್ದಳು. ಕುಡಿಸಬಹುದು, ಅದರಿಂದ ಏನೂ ಆಗುವುದಿಲ್ಲ ಎಂದು ಇಬ್ಬರು ಡಾಕ್ಟರರೂ ಹೇಳಿದ್ದರು. ಅವ್ವ ನಂಬಿದ್ದು ಅರ್ಧ. ಬಾಣಂತನ ಮಾತ್ರ ಹೇಳಿದಂತೆಯೇ ಮಾಡಿದಳು. ಬಿಸಿನೀರು, ಅಂಟಿನುಂಡಿ, ಕೊಬ್ಬರಿ ಖಾರ, ಶಗಣಿ ಕುಳ್ಳಿನ ಕೆಂಡದ ಹೊಗೆ. ನಾನು ದಪ್ಪಗಾಗಿ ನನ್ನ ಜಂಪರುಗಳನ್ನೆಲ್ಲ ನಾನೇ ಬಿಚ್ಚಿ ಹೊಲಿಯಬೇಕಾಯಿತು.

ಕಿತ್ತೂರಿನ ಆಕೆಯ ಸೀಸೆಯ ಬದಲಿಗೆ ಹೊಸದೊಂದನ್ನು ಈರಣ್ಣ ಅದೇ ವಾರ ತಂದು ಬೈಲಹೊಂಗಲದಲ್ಲಿ ಇಟ್ಟು ಬಂದ. ಆಕೆಗೆ ಗಂಡು ಕೂಸು ಹುಟ್ಟಿತು, ಎಲ್ಲ ಹೊತ್ತಿಗೆ ಸರಿಯಾಗಿ ಆಯಿತು ಎಂದು ಮೇಡಂ ಆಮೇಲೆ ಹೇಳಿದರು. ಹೆಸರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಬಸ್ಸಿನಲ್ಲಿ ಕೂಸು ಎತ್ತಿಕೊಂಡ ಹೆಂಗಸರನ್ನು ಕಂಡರೆ ಇವಳೇ ಇರಬಹುದೇ ಎಂದು ನೋಡುತ್ತೇನೆ. ಸೀಟು ಬಿಟ್ಟುಕೊಡುತ್ತೇನೆ. ಈ ಲೆಕ್ಕದಲ್ಲಿ ಎಷ್ಟೋ ಜನರಿಗೆ ಬಿಟ್ಟುಕೊಟ್ಟಿದ್ದೇನೆ.

ನಾನೂ ಅವ್ವನೂ ಈಗ ಒಟ್ಟಿಗೇ ಬೈಲಹೊಂಗಲಕ್ಕೆ ತಪಾಸಣೆಗೆ ಹೋಗುತ್ತೇವೆ. ಅದು ನಮಗೆ ಒಂಥರಾ ಊರಾಡುವ ದಿನ, ರಕ್ತ ಕೊಡುತ್ತೇವೆ, ಬಳೆ ಕೊಳ್ಳುತ್ತೇವೆ, ಭಜಿ ತಿನ್ನುತ್ತೇವೆ. ರೋಗ ನಮ್ಮ ಜೊತೆ ಇದೆ, ಇರಲಿ. ಅದಕ್ಕೆ ಹೆದರಿ ಬದುಕುವುದನ್ನು ಬಿಟ್ಟು ಬಹಳ ದಿನಗಳಾದವು. ಆದರೆ ಒಂದು ಭಯ ಉಳಿದೇ ಇತ್ತು. ಕೂಸಿನ ಎಲ್ಲ ಲಸಿಕೆ ಮುಗಿದು, ವರ್ಷ ತುಂಬಿದ ಮೇಲೆ ಅವಳ ರಕ್ತ ನೋಡಬೇಕು, ಆಗಲೇ ತಿಳಿಯುವುದು ಎಂದಿದ್ದರು.

ಆ ದಿನ ಬಂತು. ಮಗಳಿಗೆ ಈರಣ್ಣ ಇಟ್ಟ ಹೆಸರು ಸಾನ್ವಿ, ಅಜ್ಜಿಯರಿಬ್ಬರೂ ಕರೆಯುವುದು ಸಾನವ್ವ. ರಕ್ತ ತೆಗೆಯುವಾಗ ಅತ್ತು, ಬಿಸ್ಕೀಟು ಕೊಟ್ಟ ಮೇಲೆ ಮರೆತು, ಬೆಂಚಿನ ಕೆಳಗೆ ತೆವಳಾಡುತ್ತಿದ್ದಳು. ಅವ್ವ ಒಳಗೆ ಬರಲು ಒಪ್ಪದೆ ಕೂಸನ್ನು ನೋಡಿಕೊಳ್ಳುತ್ತ ಹೊರಗೇ ಕುಳಿತಳು. ನಾನೂ ಈರಣ್ಣನೂ ಒಳಗೆ ಹೋದೆವು. ಅಂದು ಅವನು ಚಹಾಕ್ಕೆ ಹೋಗಿರಲಿಲ್ಲ.

ಮೇಡಂ ಕಾಗದ ನೋಡಿ ಮೊದಲು ನಕ್ಕರು, ಆಮೇಲೆ ಮಾತಾಡಿದರು. "ಇಲ್ಲ. ವೈರಸ್ ಇಲ್ಲ. ಲಸಿಕೆನೂ ಚಲೋ ಹತ್ತೇತಿ."

ಈರಣ್ಣ ಕಣ್ಣೊರೆಸಿಕೊಳ್ಳಲು ಗೋಡೆಯ ಕಡೆ ತಿರುಗಿದ. ನಾನು ಹೊರಗೆ ಓಡಿದೆ. ಅವ್ವ ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತಲೇ ಕೇಳಿದಳು.

"ಏನಂದ್ರು?"

"ಇಲ್ಲವ್ವಾ. ಅಕಿಗೆ ಇಲ್ಲ."

"ಅಂದ್ರ ನನ್ನಿಂದ ಅಕಿಗೆ ಏನೂ ಹೋಗಿಲ್ಲ?"

"ಇಲ್ಲ. ನಿನ್ನಿಂದ ಏನೂ ಹೋಗಿಲ್ಲ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನು ಪಕ್ಕದಲ್ಲಿ ಕುಳಿತೆ. ಈ ಸಲ ಅವಳು ಸರಿಯಲಿಲ್ಲ. ಅಳು ಮುಗಿದ ಮೇಲೆ ಕಣ್ಣೊರೆಸಿ, ಬೆಂಚಿನ ಕೆಳಗಿನಿಂದ ಕೂಸನ್ನು ಎತ್ತಿ ತೊಡೆಯ ಮೇಲೆ ನಿಲ್ಲಿಸಿಕೊಂಡು, ಅದರ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಜಗಳಕ್ಕೇ ನಿಂತಳು.

"ಏನೂ ಹೋಗಿಲ್ಲ ಅಂತ ಹ್ಯಾಂಗ ಅಂತಿ? ಮೂಗ ನೋಡಲ್ಲಿ. ಮೂಗ ನಂದ ಐತಿ."